ಮಗನ ಎಲೆ ಕೊನೆಗೆ

ಅಮ್ಮ ಹೀಲರ್ ಆಗಿ ಆಡಿದ ಮೊದಲ ಭಾನುವಾರ ನಾನು ಆಟದೊಳಗೆ ಏಳು ಸಲ ಸತ್ತೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ರೆಕಾರ್ಡಿಂಗ್ ತೆಗೆದು ನೋಡಿದರೆ ನಾಲ್ಕೇ ಸಲ. ಉಳಿದ ಮೂರು ಸಾವುಗಳನ್ನು ಎಲ್ಲಿಂದ ತಂದು ಸೇರಿಸಿದೆನೋ ಗೊತ್ತಿಲ್ಲ. ಏಳು ಎಂದರೆ ಕೇಳುವವರು ನಗುತ್ತಾರೆ, ನಾಲ್ಕು ಎಂದರೆ ಸುಮ್ಮನೆ ತಲೆಯಾಡಿಸುತ್ತಾರೆ, ಅದಕ್ಕಿರಬಹುದು. ಮುಂದೆ ಬರೆಯುವುದರಲ್ಲೂ ಇಂಥವು ಇರುತ್ತವೆ. ಕೈಗೆ ಸಿಕ್ಕ ಕಡೆ ತಿದ್ದಿದ್ದೇನೆ. ಸಿಗದ ಕಡೆ ನೆನಪು ಹೇಳಿದ್ದನ್ನೇ, ಪೂರ್ತಿ ನಂಬದೆ, ಬರೆದಿದ್ದೇನೆ.

ಆಟ ಅಂದರೆ ಕಂಪ್ಯೂಟರಿನ ಆಟ. ಊರೂರಿನ ಜನ ಇಂಟರ್ನೆಟ್ ಮೂಲಕ ಒಂದೇ ಲೋಕದೊಳಗೆ ಹೊಕ್ಕು, ತಲಾ ಒಂದು ವೇಷ ತೊಟ್ಟು ಆಡುವಂಥದ್ದು. ಅಲ್ಲಿ ಒಬ್ಬರೇ ಅಲೆಯಬಹುದು, ಮೀನು ಹಿಡಿಯಬಹುದು, ಕತ್ತಿ ಸಾಣೆ ಹಿಡಿಯುತ್ತ ಕೂರಬಹುದು. ಆದರೆ ದೊಡ್ಡ ಬಾಗಿಲುಗಳು ಐದು ಜನ ಒಟ್ಟಿಗೆ ಬಂದು ನಿಂತರೆ ಮಾತ್ರ ತೆರೆಯುತ್ತವೆ. ಟ್ಯಾಂಕ್ ಎನ್ನುವವನು ಗುರಾಣಿ ಹಿಡಿದು ಮುಂದೆ ನಿಂತು, ಎದುರಿನ ದೈತ್ಯನ ಸಿಟ್ಟನ್ನು ತನ್ನ ಮೇಲೆ ಎಳೆದುಕೊಂಡು ಏಟು ತಿನ್ನಬೇಕು. ಮೂವರು ಹಿಂದಿನಿಂದ, ಪಕ್ಕದಿಂದ ಹೊಡೆಯಬೇಕು. ಹೀಲರ್ ಯಾರನ್ನೂ ಹೊಡೆಯುವಂತಿಲ್ಲ. ಏಟು ತಿಂದವರಿಗೆ ಜೀವ ತುಂಬುತ್ತಿರಬೇಕು. ಆಟ ಕಟ್ಟಿದವರು ಪ್ರತಿಯೊಬ್ಬರಿಂದಲೂ ಬೇಕೆಂದೇ ಏನನ್ನೋ ಕಿತ್ತುಕೊಂಡಿದ್ದಾರೆ. ಟ್ಯಾಂಕ್‌ಗೆ ತನ್ನ ಗಾಯ ವಾಸಿಮಾಡಿಕೊಳ್ಳಲು ಬರುವುದಿಲ್ಲ. ಬೆಂಕಿ ಎಸೆಯುವವನ ಮೈ ಕಾಗದದಷ್ಟು ತೆಳು. ಹೀಲರ್‌ಗೆ ಒಂದು ಇಲಿಯನ್ನು ಕೊಲ್ಲುವುದಕ್ಕೂ ಕಾಲು ಗಂಟೆ ಬೇಕು. ಹಾಗಾಗಿ ಎಂಟು ವರ್ಷದಿಂದ ನಾವು ಐದು ಜನ, ಒಬ್ಬರಿಗೊಬ್ಬರು ಅಗತ್ಯವಾಗಿ, ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಕೂಡುತ್ತಿದ್ದೆವು. ಒಂಬತ್ತಕ್ಕೆ ಎಲ್ಲರ ಮನೆಯಲ್ಲೂ ತಿಂಡಿಗೆ ಕೂಗು ಬೀಳುವವರೆಗೆ ಆಟ.

ಹೇರೋಹಳ್ಳಿಯ ಗೆಳೆಯನೊಬ್ಬ, ಕೊಳಾಯಿ ಸಾಮಾನಿನ ಅಂಗಡಿ ಇಟ್ಟುಕೊಂಡವನು, ಬೆಂಕಿ ಎಸೆಯುತ್ತಿದ್ದ. ಅವನ ಬೀದಿಯನ್ನು ಯಾರಾದರೂ ಅಗೆಯುತ್ತಲೇ ಇರುತ್ತಾರೆ. ಕೇಬಲ್ ತುಂಡಾದ ವಾರ ಮೊಬೈಲಿನ ಇಂಟರ್ನೆಟ್ಟಿನಲ್ಲಿ ಆಡುತ್ತಿದ್ದ. ರಾಜರಾಜೇಶ್ವರಿನಗರದ ಗಂಡ ಹೆಂಡತಿ ಇಬ್ಬರೂ ಬಿಲ್ಲುಗಾರರು. ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ; ಪ್ರತಿ ಆಟವನ್ನೂ ರೆಕಾರ್ಡ್ ಮಾಡಿ, ಉತ್ತರಪತ್ರಿಕೆ ತಿದ್ದುವ ಹಾಗೆ ತಪ್ಪು ಹುಡುಕುತ್ತಾಳೆ. ಗಂಡ ಹೆಚ್ಚು ಮಾತಾಡುವುದಿಲ್ಲ, ಅಥವಾ ಮಾತಾಡಲು ಸಂದು ಸಿಗುವುದಿಲ್ಲ. ಹೀಲರ್ ಆಗಿದ್ದವನು ಮೂಡಲಪಾಳ್ಯದವನು. ಭಾನುವಾರ ಬೆಳಗಿನ ಡ್ಯೂಟಿ ಬಿದ್ದದ್ದರಿಂದ ಅವನು ಆಟ ಬಿಟ್ಟು ಹೋದ. ನಾನು ಟ್ಯಾಂಕ್.

ಎಂಟು ವರ್ಷ ಗುರಾಣಿ ಹಿಡಿದರೆ ಅದು ಕೈಗೆ ಅಂಟಿಕೊಳ್ಳುತ್ತದೆ. ಕೆಂಗೇರಿಯ ಆಚೆ ನಾನು ಕೆಲಸ ಮಾಡುವ ರಟ್ಟಿನ ಡಬ್ಬಿಯ ಕಾರ್ಖಾನೆಯಲ್ಲಿ ಮ್ಯಾನೇಜರ್ ಬೈಯಲು ಬಂದಾಗ ಮೊದಲು ಎದ್ದು ನಿಲ್ಲುವವನು ನಾನೇ ಎಂದುಕೊಂಡಿದ್ದೆ. ಜೊತೆಯವರನ್ನು ಕೇಳಿದೆ, ಹೌದಾ ಎಂದು. ಒಬ್ಬಳು, "ನೀವು ಎದ್ದು ನಿಲ್ತೀರ ಸಾರ್, ಆದ್ರೆ ನೀರು ಕುಡಿಯೋಕೆ" ಎಂದಳು.

ಈಗ ಅಮ್ಮನ ವಿಷಯ.

ನಾವಿರುವುದು ಬಸವೇಶ್ವರನಗರದಲ್ಲಿ, ಅಮ್ಮ ಮತ್ತು ನಾನು. ಅಮ್ಮ ದಾವಣಗೆರೆ ಕಡೆಯವಳು. ಮದುವೆಯಾಗಿ ಬಂದ ಮೇಲೆ ಇಲ್ಲಿಯ ಒಂದು ಮಠದಲ್ಲಿ ಸೋಮವಾರದ ದಾಸೋಹಕ್ಕೆ ಬಡಿಸಲು ಹೋಗುತ್ತಿದ್ದಳು. ಸಾರಿನ ಬಕೆಟ್ ಅವಳದು. ಪ್ರಸಾದಕ್ಕೆ ಕೂತ ಇನ್ನೂರು ಮುನ್ನೂರು ಜನರ ಸಾಲಿನಲ್ಲಿ ಬಗ್ಗಿಕೊಂಡೇ ಓಡಾಡಿ, ಒಬ್ಬರ ತಟ್ಟೆಗೆ ಬಿದ್ದಷ್ಟೇ ಇನ್ನೊಬ್ಬರ ತಟ್ಟೆಗೂ ಬೀಳುವ ಹಾಗೆ ಸೌಟು ತಿರುಗಿಸುವ ಕೈ ಅವಳದು ಎಂದು ಅಲ್ಲಿಯವರು ಹೇಳುತ್ತಿದ್ದರು. ಹೋದ ವರ್ಷ ಎರಡೂ ಮಂಡಿಯ ಆಪರೇಷನ್ ಆಯಿತು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಆದರೆ ಬಗ್ಗಿ ಬಕೆಟ್ ಎತ್ತುವುದು, ತಾಸುಗಟ್ಟಲೆ ನಿಲ್ಲುವುದು ಇನ್ನು ಆಗದು ಎಂದರು ಡಾಕ್ಟರು. ಸಾರಿನ ಬಕೆಟ್ ಬೇರೆಯವರ ಕೈಗೆ ಹೋಯಿತು. ಮಠದವರು ಒಳ್ಳೆಯವರು, ಬಂದು ಕೂತ್ಕೊಳಿ ಅಮ್ಮ, ನೋಡ್ಕೊಂಡು ಹೋಗಿ ಎಂದು ಫೋನ್ ಮಾಡಿದರು. "ಕೂತ್ಕೊಂಡು ಏನು ನೋಡ್ಲಿ" ಎಂದು ಅಮ್ಮ ಫೋನಿಟ್ಟಳು.

ಆಮೇಲೆ ಅವಳು ಯಾರನ್ನೂ ಊಟವಾಯಿತಾ ಎಂದು ಕೇಳುವುದನ್ನು ಬಿಟ್ಟಳು. ಹೂವಿನವಳನ್ನು, ಕೊರಿಯರ್ ತಂದವನನ್ನು, ಮೀಟರ್ ನೋಡಲು ಬಂದವನನ್ನು ಕೇಳುತ್ತಿದ್ದವಳು ನನ್ನನ್ನೂ ಕೇಳುತ್ತಿರಲಿಲ್ಲ. ಏನು ಹೇಳಿದರೂ "ಆಯ್ತು" ಅನ್ನುತ್ತಿದ್ದಳು. ಆ ಆಯ್ತು ಕೇಳಿ ಕೇಳಿ ನನಗೆ ಮನೆಗೆ ಬರಲು ಮನಸ್ಸಾಗುತ್ತಿರಲಿಲ್ಲ. ಅವಳ ಕೈಗೆ ಒಂದು ಕೆಲಸ ಬೇಕಿತ್ತು, ಯಾರಿಗಾದರೂ ಬೇಕಾಗುವ ಕೆಲಸ. ಬತ್ತಿ ಹೊಸೆ, ಟಿವಿ ನೋಡು ಎಂದು ಹೇಳುವುದು ಸುಲಭ. ಅವು ಯಾರಿಗೂ ಬೇಕಾಗಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು.

ಫಿಸಿಯೋಥೆರಪಿ ಮಾಡಿಸಲು ಬರುತ್ತಿದ್ದ ಹೆಂಗಸು, ಅಮ್ಮನಿಗೆ ಎತ್ತರದ, ಕೈ ಇರುವ, ಬೆನ್ನಿಗೆ ಗಟ್ಟಿ ಒರಗು ಇರುವ ಕುರ್ಚಿ ಬೇಕು ಎಂದಳು. ಮನೆಯಲ್ಲಿ ಅಂಥದ್ದು ಒಂದೇ, ನನ್ನ ಆಟದ ಕುರ್ಚಿ. ಅಮ್ಮ ಅದರಲ್ಲಿ ಕೂತಳು. ನಾನು ಲ್ಯಾಪ್‌ಟಾಪ್ ಹಿಡಿದು ಮಂಚಕ್ಕೆ ಹೋದೆ. ಕುರ್ಚಿಯ ಮುಂದೆಯೇ ಕಂಪ್ಯೂಟರ್. ಮೂಡಲಪಾಳ್ಯದವನು ಬಿಟ್ಟು ಹೋಗಿದ್ದ. ಆಮೇಲಿನ ಭಾನುವಾರ ನಾವು ನಾಲ್ವರೇ ಏನೋ ಸಣ್ಣಪುಟ್ಟದ್ದು ಆಡುತ್ತಿದ್ದಾಗ ಅಮ್ಮ, "ಆ ಹಸಿರು ಪಟ್ಟಿ ಖಾಲಿ ಆದ್ರೆ ಏನಾಗುತ್ತೆ?" ಎಂದು ಕೇಳಿದಳು.

"ಅದು ಜೀವ. ಮುಗಿದ್ರೆ ಸಾಯ್ತಾರೆ."

"ಮತ್ತೆ ಯಾರೂ ತುಂಬಿಸಲ್ವಾ?"

ಇಷ್ಟು ನನಗೆ ನೆನಪಿದೆ. ಹೇರೋಹಳ್ಳಿಯವನ ಪ್ರಕಾರ ಅಮ್ಮ ಏನೂ ಕೇಳಲಿಲ್ಲ. ಆಂಟಿ ಸುಮ್ನೆ ಕೂತಿದಾರಲ್ಲ ಮಗಾ, ಅವರ ಕೈಲೇ ಆಡ್ಸು ಎಂದು ಹೇಳಿದ್ದು ಅವನು. ಆ ವಾರದ ರೆಕಾರ್ಡಿಂಗ್ ಅಳಿಸಿಹೋಗಿದೆ. ಇಬ್ಬರ ಮಾತೂ ಇರಲಿ.

ಮಾರನೆಯ ವಾರ ಅವನೇ ಸ್ಪೀಕರಿನಲ್ಲಿ ಪಾಠ ಮಾಡಿದ.

"ಆಂಟಿ, ನೀವು ಹಿಂದೆ ನಿಂತ್ಕೊಳಿ. ಯಾರ ಪಟ್ಟಿ ಇಳಿಯುತ್ತೋ ಅವರ ಹೆಸರು ಮುಟ್ಟಿ ಒಂದು ಒತ್ತಿ. ಒಂದು ಅಂದ್ರೆ ಸ್ವಲ್ಪ ತುಂಬುತ್ತೆ, ಎರಡು ಅಂದ್ರೆ ಜಾಸ್ತಿ, ಮೂರು ಅಂದ್ರೆ ಎಲ್ಲಾರ್ಗೂ."

"ಸಣ್ಣ ಸೌಟು, ದೊಡ್ಡ ಸೌಟು."

"ಅದೇ ಆಂಟಿ. ಕೆಳಗಡೆ ನೀಲಿ ಪಟ್ಟಿ ಇದ್ಯಲ್ಲ, ಅದು ನಿಮ್ಮ ಬಕೆಟ್ಟು. ಖಾಲಿ ಆದ್ರೆ ತುಂಬೋದು ನಿಧಾನ."

"ತಟ್ಟೆ ತುಂಬಿದ ಮೇಲೂ ಹಾಕಿದ್ರೆ?"

"ಚೆಲ್ಲುತ್ತೆ. ವೇಸ್ಟು."

"ಚೆಲ್ಲಬಾರದಪ್ಪ" ಎಂದಳು ಅಮ್ಮ. ಅವಳ ದನಿ ಆಪರೇಷನ್ನಿಗೆ ಮೊದಲಿನ ದನಿಯಾಗಿತ್ತು.

ಆ ಋತುವಿನಲ್ಲಿ ಆಟದವರು ಹೊಸದೊಂದು ಉಪ್ಪಿನ ಗಣಿ ತೆರೆದಿದ್ದರು. ತಳದಲ್ಲಿ ಉಪ್ಪಿನ ಹರಳುಗಳಿಂದಲೇ ಆದ ದೈತ್ಯ. ಗಣಿ ಒಂದು ತಿಂಗಳು ಮಾತ್ರ ತೆರೆದಿರುತ್ತದೆ. ಎಂಟು ವರ್ಷದಲ್ಲಿ ಹೀಗೆ ಬಂದು ಹೋಗುವ ಜಾಗಗಳಲ್ಲಿ ಒಂದನ್ನೂ ನಾವು ಬಾಕಿ ಉಳಿಸಿರಲಿಲ್ಲ. ಅಮ್ಮನನ್ನು ಕರೆದುಕೊಂಡು ಇಳಿದೆವು. ನಾಲ್ಕು ಸಲ ಸತ್ತೆ ಎಂದೆನಲ್ಲ, ಅದು ಅಲ್ಲಿಯೇ. ಟ್ಯಾಂಕ್ ಸತ್ತರೆ ದೈತ್ಯ ತಿರುಗಿ ಉಳಿದವರ ಮೇಲೆ ಬೀಳುತ್ತಾನೆ. ಅವರು ಒಂದೊಂದು ಏಟಿಗೆ ಒಬ್ಬೊಬ್ಬರಂತೆ ಉರುಳುತ್ತಾರೆ. ನಾಲ್ಕು ಸಲವೂ ಹಾಗೇ ಆಯಿತು. ಮೊದಲ ವಾರವಾದ್ದರಿಂದ ಎಲ್ಲರೂ ನಕ್ಕೆವು. ಆಟ ಮುಗಿದ ಮೇಲೆ ಅಮ್ಮ ಸ್ಪೀಕರಿಗೆ ಬಗ್ಗಿ ಎಲ್ಲರನ್ನೂ ತಿಂಡಿ ಏನು ಎಂದು ಕೇಳಿದಳು. ನಾನು ಮಂಚದ ಮೇಲೆ ಕೂತು ಅದನ್ನು ಕೇಳಿಸಿಕೊಂಡೆ.

ಎರಡನೆಯ ಭಾನುವಾರ ಯಾರೂ ನಗಲಿಲ್ಲ. ಆರು ಸಲ ಇಳಿದು ಆರು ಸಲವೂ ಹೆಣವಾಗಿ ಬಂದೆವು.

ಸೋಮವಾರ ಗಣಿತದವಳ ಫೋನ್. "ರೆಕಾರ್ಡಿಂಗ್ ನೋಡ್ದೆ ಕಣೋ. ಆಂಟಿ ಕೈ ಫಾಸ್ಟ್ ಇದೆ, ಒಂದು ಸಲಾನೂ ತಡ ಮಾಡಿಲ್ಲ. ಆದ್ರೆ ಸಾಲಾಗಿ ಬಡಿಸ್ಕೊಂಡು ಹೋಗ್ತಾರೆ. ನನಗೆ ಒಂದು, ನಮ್ಮೋರಿಗೆ ಒಂದು, ಹೇರೋಹಳ್ಳಿಗೆ ಒಂದು, ಆಮೇಲೆ ನಿನಗೆ. ನನಗೆ ಒಂದು ಗೀರೂ ಬಿದ್ದಿಲ್ಲ, ಆದ್ರೂ ಒಂದು ಸೌಟು. ನಿನ್ನ ಪಟ್ಟಿ ಕಾಲು ಭಾಗಕ್ಕೆ ಬಂದಿದೆ, ನಿನಗೂ ಒಂದೇ ಸೌಟು, ಅದೂ ಕೊನೇಲಿ."

"ಹೇಳ್ತೀನಿ ಅವಳಿಗೆ."

"ಹೋದ ವಾರಾನೂ ಹೇಳ್ದೆ ಅಂದೆ. ನೋಡು, ನಂಗೂ ಬೇಜಾರೇ. ಇನ್ನು ಎರಡೇ ಭಾನುವಾರ ಇರೋದು. ಹುಬ್ಬಳ್ಳಿ ಕಡೆಯವನೊಬ್ಬ ಹೀಲರ್ ಖಾಲಿ ಇದಾನೆ. ಕೇಳ್ಲಾ?"

ಇಲ್ಲಿ ನನ್ನ ನೆನಪು ಬಹಳ ಚೆನ್ನಾಗಿ ನಡೆದುಕೊಳ್ಳುತ್ತದೆ. ನಾನು ಅಮ್ಮನ ಪರ ವಾದಿಸಿದೆ, ಗಣಿ ಹಾಳಾಗಿ ಹೋಗಲಿ ಎಂದೆ, ಎನ್ನುತ್ತದೆ ಅದು. ಆದರೆ ಬುಧವಾರ ಮಧ್ಯಾಹ್ನ ಕಾರ್ಖಾನೆಯಿಂದ ನಾನು ಕಳಿಸಿದ ಮೆಸೇಜು ಇನ್ನೂ ಫೋನಿನಲ್ಲಿದೆ: "ಸರಿ, ಕೇಳು. ಅಮ್ಮಂಗೆ ನಾನು ಹೇಳ್ತೀನಿ." ಕೆಳಗೆ ನಾನೇ ಹಾಕಿದ, ಒಪ್ಪಿಗೆಗೆ ಮೇಲೆತ್ತಿದ ಹೆಬ್ಬೆರಳಿನ ಚಿತ್ರ. ಆ ಹೆಬ್ಬೆರಳನ್ನು ನೋಡಿದಾಗೆಲ್ಲ ಇವನು ಯಾರು ಎನಿಸುತ್ತದೆ. ಅವನೂ ನಾನೇ. ಮಠದವರು ಅವಳ ಕೈಯಿಂದ ಬಕೆಟ್ ತೆಗೆದುಕೊಂಡದ್ದು ಡಾಕ್ಟರು ಹೇಳಿದ್ದಕ್ಕೆ. ನಾನು ತೆಗೆದುಕೊಳ್ಳಲು ಹೊರಟದ್ದು ಒಂದು ಉಪ್ಪಿನ ಗೊಂಬೆಗೋಸ್ಕರ.

ಸಂಜೆ ಮನೆಗೆ ಬಂದಾಗ ಅಮ್ಮ ಕುರ್ಚಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕೀಬೋರ್ಡ್ ಪಕ್ಕಕ್ಕೆ ಸರಿದಿತ್ತು, ಅದರ ಜಾಗದಲ್ಲಿ ಮೊರ. ಆಟ ತೆರೆದೇ ಇತ್ತು. ಹೇಳಬೇಕಾದ್ದನ್ನು ಬಾಯಲ್ಲಿ ಇಟ್ಟುಕೊಂಡು ಅವಳ ಬೆನ್ನ ಹಿಂದೆ ನಿಂತೆ. ಪರದೆಯ ಎಡಗಡೆ ನಮ್ಮ ಐವರ ಹೆಸರು, ಒಂದರ ಕೆಳಗೊಂದು. ತಂಡದ ಹೆಸರುಗಳಲ್ಲಿ ಟ್ಯಾಂಕ್‌ನ ಹೆಸರು ಮೇಲಿರುತ್ತದೆ, ಆಟವೇ ಹಾಗೆ ಜೋಡಿಸುತ್ತದೆ. ಅಮ್ಮನ ಪರದೆಯಲ್ಲಿ ನನ್ನ ಹೆಸರು ನಾಲ್ಕನೆಯದು. ನನ್ನ ಕೆಳಗೆ ಅವಳದೊಂದೇ.

"ಇದು ಹಿಂಗೆ ಯಾಕಿದೆ?"

"ಎಳೆದ್ರೆ ಬರುತ್ತೆ. ನಾನೇ ಇಟ್ಟೆ."

"ಯಾಕೆ?"

ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಬಡಿಸೋಳ ಮಗ ಸಾಲಿನ ತಲೇಲಿ ಕೂತ್ಕೋತಾನಾ?"

"ಅಮ್ಮ, ನಾನು ಟ್ಯಾಂಕು. ಏಟು ತಿನ್ನೋದೇ ನನ್ನ ಕೆಲಸ. ನನಗೇ ಜಾಸ್ತಿ ಹಾಕಬೇಕು."

"ನಿನ್ನ ಕೆಲಸ ನೀನು ಮಾಡು. ನನ್ನ ಕೈಯಿಂದ ಪಂಕ್ತಿಭೇದ ಯಾಕೆ ಮಾಡಿಸ್ತೀಯ?"

"ಅದು ಪಂಕ್ತಿ ಅಲ್ಲಮ್ಮ. ಆಟ."

"ಜನ ಸಾಲಾಗಿದಾರೆ, ನನ್ನ ಕೈಲಿ ಸೌಟಿದೆ. ಇನ್ನೇನಪ್ಪ ಅದು? ಆ ಹುಡುಗಿ ನೋಡ್ತಾ ಇರ್ತಾಳೆ. ಎಲ್ಲಾ ರೆಕಾರ್ಡು ಮಾಡ್ಕೋತಾಳೆ ಅಂತ ನೀನೇ ಹೇಳ್ದೆ. ಆಂಟಿ ತನ್ನ ಮಗನಿಗೇ ಸುರೀತಾಳೆ, ನಮಗೆ ತೋರಿಸಿಬಿಟ್ಟು ಹೋಗ್ತಾಳೆ ಅಂದ್ಕೊಳಲ್ವಾ?"

"ಅಂದ್ಕೊಳಲ್ಲ. ಅವಳೇ ಹೇಳ್ತಾ ಇರೋದು ನನಗೆ ಜಾಸ್ತಿ ಹಾಕು ಅಂತ."

"ಬಾಯಲ್ಲಿ ಎಲ್ರೂ ಹಂಗೇ ಅಂತಾರೆ. ನಿಮ್ಮ ಮಕ್ಕಳಿಗೆ ಹಾಕ್ರಿ, ನಮಗೆ ಸಾಕು ಅಂತ."

ನನಗೆ ರೇಗಿತು. ಎಂಟೊಂಬತ್ತು ವರ್ಷದವನಾಗಿದ್ದಾಗಿನ ಒಂದು ಸೋಮವಾರ, ಗೋಧಿ ಹುಗ್ಗಿ ಮಾಡಿಸಿದ್ದ ದಿನ, ನಾನು ಅದೇ ಮಠದ ಸಾಲಿನಲ್ಲಿ ಕೂತಿದ್ದೆ. ಅಮ್ಮ ಬಂದು ಅಕ್ಕಪಕ್ಕದವರಿಗೆ ತುಂಬಿದ ಸೌಟು ಹಾಕಿ ನನಗೆ ಅರ್ಧ ಹಾಕಿ ಹೋಗಿದ್ದಳು. ಇದು ನನ್ನ ಬಾಲ್ಯದ ಅತಿ ಸ್ಪಷ್ಟವಾದ ಚಿತ್ರ. ಸೌಟಿನ ಅಂಚಿಗೆ ಅಂಟಿದ್ದ ಗಸಗಸೆ ಕೂಡ ಕಾಣುತ್ತದೆ. ಅದನ್ನೇ ಎತ್ತಿ ಆಡಿದೆ.

ಅಮ್ಮ ನನ್ನತ್ತ ತಿರುಗಿದಳು. ಕುರ್ಚಿಯೂ ತಿರುಗಿತು.

"ನಿನಗೆ ನಾನು ಯಾವತ್ತೂ ಬಡಿಸೇ ಇಲ್ಲವಲ್ಲೋ ಅಲ್ಲಿ."

"ಅರ್ಧ ಸೌಟು ಹಾಕಿದ್ದೆ."

"ಹಾಕೋಕೆ ನಾನು ಬರ್ತಾನೇ ಇರ್ಲಿಲ್ಲ. ನೀನು ಕೂತ ಸಾಲು ಬಂದ್ರೆ ಬಕೆಟ್ಟನ್ನ ಪಕ್ಕದೋರ ಕೈಗೆ ಕೊಟ್ಟು ನಾನು ಆ ಕಡೆ ಸಾಲಿಗೆ ಹೋಗ್ತಿದ್ದೆ. ಅಲ್ಲಿ ಎಲ್ಲಾರೂ ಹಂಗೇ ಮಾಡೋದು. ತಮ್ಮ ಮಕ್ಕಳಿದ್ದ ಕಡೆ ಕೈ ಜಾಸ್ತಿ ಬಗ್ಗುತ್ತೆ, ಇಲ್ಲಾ ಹೆದರ್ಕೊಂಡು ಕಮ್ಮಿ ಬಗ್ಗುತ್ತೆ. ಎರಡೂ ತಪ್ಪು. ನಿನಗೆ ಹಾಕ್ತಾ ಇದ್ದಿದ್ದು ಮೂಲೆ ಮನೆ ಆಂಟಿ. ಅವರ ಕೈ ಸಣ್ಣ."

ಮೂವತ್ತು ವರ್ಷ ನಾನು ಇಟ್ಟುಕೊಂಡಿದ್ದ ದೂರು ಅದು. ಅದರ ಮೇಲೆ ಏನೇನು ಕಟ್ಟಿಕೊಂಡಿದ್ದೆನೋ. ಗಸಗಸೆ ಮಾತ್ರ ಉಳಿಯಿತು, ಬೇರೆ ಯಾರದೋ ಸೌಟಿನ ಅಂಚಿನಲ್ಲಿ. ಅಮ್ಮನ ಮಾತು ನಿಜವೋ, ಅದೂ ಅವಳು ತನಗಾಗಿ ಜೋಡಿಸಿಟ್ಟುಕೊಂಡದ್ದೋ, ಕೇಳಲು ಮೂಲೆ ಮನೆಯವರು ಈಗ ಇಲ್ಲ.

ಅಮ್ಮ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ನಾಲ್ಕು ಕಾಯಿ ಬಿಡಿಸಿ, "ನನ್ನ ತೆಗೀತಾರಂತಾ?" ಎಂದಳು.

ಉತ್ತರ ನನ್ನ ಫೋನಿನಲ್ಲಿತ್ತು, ಹೆಬ್ಬೆರಳಿನ ಸಮೇತ. ನಾನು ಹೇಳಲಿಲ್ಲ. ಬದಲಿಗೆ, "ಟ್ಯಾಂಕ್ ಬೇರೆಯವರ ಮಗ ಆಗಿದ್ರೆ?" ಎಂದು ಕೇಳಿದೆ. ಜಾಣತನದಿಂದ ಕೇಳಿದ್ದಲ್ಲ. ವಾದ ಗೆಲ್ಲುವುದಕ್ಕೆ ಎಸೆದ ಮಾತು.

"ಹಸಿದು ಬಂದೋನು ಬೇರೆಯವರ ಮಗ ಆದ್ರೆ ಎಷ್ಟು ಬೇಕಾದ್ರೂ ಹಾಕ್ತೀನಿ. ಅದು ಭೇದ ಅಲ್ಲ. ತಟ್ಟೆ ಖಾಲಿ ಇದ್ದೋನಿಗೆ ಎರಡು ಸಲ ಹೋಗ್ಲೇಬೇಕು."

ಅಮ್ಮನಿಗೆ ಆಟ ಮೊದಲಿನಿಂದಲೂ ಪೂರ್ತಿ ಅರ್ಥವಾಗಿತ್ತು. ಅರ್ಥವಾಗದೆ ಇದ್ದದ್ದು ನನಗೆ. ಮಠದಲ್ಲಿ ಅವಳು ಬಕೆಟ್ ಇನ್ನೊಬ್ಬರ ಕೈಗೆ ಕೊಟ್ಟು ಆಚೆ ಹೋಗಬಹುದಿತ್ತು. ಇಲ್ಲಿ ಬಕೆಟ್ ಒಂದೇ, ಬಡಿಸುವವಳೂ ಒಬ್ಬಳೇ. ಹಾಗಿದ್ದರೆ ಗುರಾಣಿ ಬಿಟ್ಟು ಆ ಜಾಗದಿಂದ ಏಳಬೇಕಾದವನು ನಾನು.

ಹೀಗೆ ಬರೆದರೆ ತಕ್ಷಣ ಎದ್ದೆ ಎನ್ನಿಸುತ್ತದೆ. ಇಲ್ಲ. ಗುರುವಾರ ಪೂರ್ತಿ ಮನಸ್ಸು ಒಪ್ಪಲಿಲ್ಲ. ಬಸ್ಸಿನಲ್ಲಿ ನಿಂತು ಲೆಕ್ಕ ಹಾಕಿದೆ: ಆ ಗುರಾಣಿ, ಅದಕ್ಕಾಗಿ ಅಲೆದ ಬೆಟ್ಟಗಳು, ನನ್ನನ್ನು ಕಂಡರೆ ದಾರಿ ಬಿಡುತ್ತಿದ್ದ ಅಪರಿಚಿತ ಆಟಗಾರರು. ಎಲ್ಲರೂ ನನ್ನ ಬೆನ್ನ ಹಿಂದೆ ಇದ್ದಾರೆ ಎಂಬ ಭಾವನೆ ಭಾನುವಾರದ ಎರಡೂವರೆ ತಾಸಿನಲ್ಲಿ ಮಾತ್ರ ನನಗೆ ಸಿಗುತ್ತಿತ್ತು. ಅದನ್ನು ಬಿಟ್ಟರೆ ನಾನು ರಟ್ಟಿನ ಡಬ್ಬಿಗಳ ಮೂಲೆ ಸರಿಯಾಗಿ ಮಡಚಿದೆಯೇ ಎಂದು ನೋಡುವವನು, ಅಷ್ಟೆ. ಶುಕ್ರವಾರ ಗಣಿತದವಳಿಗೆ ಫೋನ್ ಮಾಡಿ ಹುಬ್ಬಳ್ಳಿಯವನು ಬೇಡ ಎಂದೆ. ಯಾಕೆ ಎಂದದ್ದಕ್ಕೆ ನಡೆದದ್ದನ್ನೆಲ್ಲ ಹೇಳಿದೆ.

"ನಮ್ಮತ್ತೇನೂ ಹಂಗೇ ಕಣೋ" ಎಂದಳು. "ಸರಿ, ಟ್ಯಾಂಕ್ ಯಾರು?"

ನಾವು ನಾಲ್ವರೂ ಒಂದೇ ಕರೆಯಲ್ಲಿ ಸೇರಿದೆವು. ಹೇರೋಹಳ್ಳಿಯವನ ಹತ್ತಿರ ಎಂದೋ ತಮಾಷೆಗೆ ಬೆಳೆಸಿಟ್ಟ ಗುರಾಣಿಯ ವೇಷವೊಂದಿತ್ತು. ನನ್ನ ಹತ್ತಿರ ಹಳೆಯ ಬಿಲ್ಲುಗಾರ.

"ನಾನಾ?" ಎಂದ ಅವನು. "ಗುರು, ನಾನು ಹಿಂದೆ ನಿಂತು ಎಸೆಯೋನು. ಮುಂದೆ ನಿಂತ್ರೆ ನಂಗೆ ನಿಜವಾಗ್ಲೂ ಭಯ ಆಗುತ್ತೆ."

"ಅಂಗಡೀಲಿ ಇಲಿ ಬಂದ್ರೆ ಇವನು ಶಟರ್ ಎಳ್ಕೊಂಡು ಆಚೆ ನಿಲ್ತಾನೆ" ಎಂದಳು ಗಣಿತದವಳು.

"ಇಲಿ ಬೇರೆ ಮೇಡಂ. ಅದು ಓಡುತ್ತೆ. ದೈತ್ಯ ನಿಂತಲ್ಲೇ ಇರ್ತಾನಲ್ಲ" ಎಂದ ಅವಳ ಗಂಡ, ಹೆಂಡತಿಗೆ. ಅವನು ಆ ತಿಂಗಳು ಆಡಿದ ಅತಿ ಉದ್ದದ ಮಾತು ಅದಿರಬೇಕು.

ಮೂರನೆಯ ಭಾನುವಾರ ಅಮ್ಮ ಹೆಸರುಗಳನ್ನು ಮತ್ತೆ ಜೋಡಿಸಿದಳು. ಹೇರೋಹಳ್ಳಿಯವನು ಮೇಲೆ, ಗಂಡ ಹೆಂಡತಿ ನಡುವೆ, ನಾನು ಇದ್ದಲ್ಲೇ. ದೈತ್ಯನ ಮೊದಲ ಏಟು ಅವನ ಮೇಲೆ ಬಿದ್ದದ್ದೇ ತಡ, ಅಮ್ಮ ಶುರು ಮಾಡಿದಳು.

"ತಗೊಳಪ್ಪ, ತಗೊ. ಇನ್ನೊಂಚೂರು."

"ಆಂಟಿ ಸಾಕು, ತುಂಬಿದೆ."

"ಇರ್ಲಿ, ಹಾಕಿಸ್ಕೊ. ಮುಂದೆ ನಿಂತಿದೀಯ."

"ಚೆಲ್ತಾ ಇದೆ ಆಂಟಿ."

"ಚೆಲ್ಲಲಿ."

ಚೆಲ್ಲಬಾರದಪ್ಪ ಎಂದಿದ್ದವಳು ಇವಳೇ. ದೈತ್ಯನ ಜೀವ ಅರ್ಧಕ್ಕೆ ಇಳಿಯುವ ಹೊತ್ತಿಗೆ ನೀಲಿ ಪಟ್ಟಿ ತಳ ಕಂಡಿತು. ಬಕೆಟ್ ಖಾಲಿ. ಎಲ್ಲರೂ ಸತ್ತೆವು. ಆದರೆ ಅರ್ಧ! ಅದಕ್ಕೆ ಮೊದಲು ನಾವು ಕಾಲು ಭಾಗವನ್ನೂ ದಾಟಿರಲಿಲ್ಲ. ಎರಡನೆಯ, ಮೂರನೆಯ ಸಲಕ್ಕೆ ಅವಳು ಬಾಯಿ ಮುಚ್ಚಿ ತಟ್ಟೆ ನೋಡಲು ತೊಡಗಿದಳು. ಎಷ್ಟು ಇಳಿದಿದೆ, ಅಷ್ಟಕ್ಕೆ ಸಣ್ಣದೋ ದೊಡ್ಡದೋ. ಮಧ್ಯೆ ಒಮ್ಮೆ ಗಣಿತದವಳಿಗೆ, "ನಿನಗೆ ಆಮೇಲೆ ಬರ್ತೀನಮ್ಮ, ಬೇಜಾರು ಮಾಡ್ಕೋಬೇಡ" ಎಂದಳು. "ನಂಗೆ ಬೇಡವೇ ಬೇಡ ಆಂಟಿ, ಗಟ್ಟಿ ಇದೀನಿ" ಎಂದಳು ಅವಳು. ನಾನು ಆಗಾಗ ಸಾಯುತ್ತಿದ್ದೆ. ಬಿಲ್ಲು ಹಿಡಿದು ಅಭ್ಯಾಸವಿಲ್ಲ, ಗೊತ್ತಿಲ್ಲದೆ ಮುಂದೆ ಹೋಗಿ ನಿಲ್ಲುತ್ತಿದ್ದೆ.

"ಲೋ, ಹಿಂದಕ್ಕೆ ಬಾರೋ" ಎಂದು ಹೇರೋಹಳ್ಳಿಯವನು ನನ್ನ ಮೇಲೆ ಕೂಗಿದ. "ಮುಂದೆ ನಾನಿದೀನಿ ಅಲ್ವಾ?" ಅವನ ದನಿಯಲ್ಲಿ ಏನೋ ಬದಲಾಗಿತ್ತು. ಭಯವಿರುವವನು ಭಯವಿಲ್ಲದ ಜಾಗಕ್ಕೆ ಬಂದು ನಿಂತಾಗ ಬರುವ ದನಿ. ನನ್ನ ದನಿಯೂ ಎಂಟು ವರ್ಷದ ಹಿಂದೆ ಹಾಗೇ ಬದಲಾಗಿತ್ತೇನೋ, ಯಾರೂ ರೆಕಾರ್ಡ್ ಮಾಡಿರಲಿಲ್ಲ.

ಕೊನೆಯ ಭಾನುವಾರ. ಇದರ ಎರಡು ರೆಕಾರ್ಡಿಂಗ್ ಇವೆ, ಗಂಡನದೊಂದು, ಹೆಂಡತಿಯದೊಂದು. ಎರಡನ್ನೂ ನೋಡಿದ್ದೇನೆ. ನಾನು ಬೇಗನೆ ಸತ್ತೆ. ದೈತ್ಯ ಉಪ್ಪಿನ ಈಟಿಗಳನ್ನು ಸುತ್ತ ಎಸೆಯುವ ಹಂತವಿದೆ, ಒಂದು ನನಗೆ ತಗುಲಿತು. ಅದೇ ಕ್ಷಣದಲ್ಲಿ ಹೇರೋಹಳ್ಳಿಯವನ ಪಟ್ಟಿಯೂ ಅರ್ಧಕ್ಕಿಂತ ಕೆಳಗಿಳಿಯಿತು. ಅಮ್ಮನ ಕೈ ಅವನ ಹೆಸರಿಗೆ ಹೋಯಿತು. ನನ್ನ ಕಡೆ ಬರಲಿಲ್ಲ. ಸರಿಯಾಗಿತ್ತು ಅದು. ಟ್ಯಾಂಕ್ ಉಳಿಯಬೇಕು, ಬಿಲ್ಲುಗಾರ ಹೋದರೂ ನಡೆಯುತ್ತದೆ. ಒಂಬತ್ತು ವರ್ಷದವನಿಗೆ ಹೇಗನ್ನಿಸುತ್ತಿತ್ತೋ ತಿಳಿಯದು. ಮೂವತ್ತೆಂಟರವನಿಗೆ ದೂರೇನೂ ಇರಲಿಲ್ಲ.

ಸತ್ತವನು ನೆಲದ ಮೇಲೆ ಬಿದ್ದಿರುತ್ತಾನೆ, ಆಟ ಅವನಿಗೆ ಕಾಣುತ್ತಲೇ ಇರುತ್ತದೆ. ಎಂಟು ವರ್ಷ ಮುಂದೆ ನಿಂತು ನಾನು ಕಂಡದ್ದು ದೈತ್ಯರ ಮೊಣಕಾಲು ಮಾತ್ರ. ಟ್ಯಾಂಕ್‌ನ ಪಾಲಿಗೆ ಬರುವ ದೃಶ್ಯ ಅಷ್ಟೇ: ದೊಡ್ಡ ಮೊಣಕಾಲುಗಳು, ಬೇರೆ ಬೇರೆ ಬಣ್ಣದವು. ಬೆನ್ನ ಹಿಂದೆ ಏನು ನಡೆಯುತ್ತದೆ ಎಂದು ತಿರುಗಿ ನೋಡಿದರೆ ಎಲ್ಲರೂ ಸಾಯುತ್ತಾರೆ. ಈಗ ಬಿದ್ದಲ್ಲಿಂದ ಎಲ್ಲ ಕಂಡಿತು. ಗಂಡ ಹೆಂಡತಿ ಎದುರುಬದುರು ಮೂಲೆಗಳಲ್ಲಿ ನಿಂತು, ಒಬ್ಬರ ಬಾಣ ಮುಗಿಯುವಷ್ಟರಲ್ಲಿ ಇನ್ನೊಬ್ಬರು ಶುರುಮಾಡುತ್ತಿದ್ದರು. ಮಾತು ಒಂದೂ ಇಲ್ಲ. ಇದನ್ನು ಅವರು ಎಷ್ಟು ವರ್ಷದಿಂದ ಹೀಗೆ ಮಾಡುತ್ತಿದ್ದರೋ. ಹೇರೋಹಳ್ಳಿಯವನು ಪ್ರತಿ ಏಟಿಗೆ ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಒಂದು ಹೆಜ್ಜೆ ಮುಂದೆ ಬರುತ್ತಿದ್ದ. ಎಲ್ಲರ ಹಿಂದೆ ಬಿಳಿ ಬಟ್ಟೆಯ ಸಣ್ಣ ಆಕೃತಿಯೊಂದು ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ ಹಾಕುತ್ತ, ಯಾರ ಮೈಗೂ ತಗುಲದೆ ಓಡಾಡುತ್ತಿತ್ತು. ಮಂಚದಿಂದ ಕತ್ತೆತ್ತಿ ಕುರ್ಚಿಯ ಕಡೆ ನೋಡಿದೆ. ಅಮ್ಮ ಕದಲದೆ ಕೂತಿದ್ದಳು. ಬಲಗೈಯ ಬೆರಳುಗಳು ಮಾತ್ರ ಅವಸರವಿಲ್ಲದೆ ನಡೆಯುತ್ತಿದ್ದವು.

ದೈತ್ಯ ಕುಸಿದಾಗ ಪರದೆಯೆಲ್ಲ ಉಪ್ಪು. ಕಿರುಚಿದವಳು ಗಣಿತದವಳು ಎಂದು ನನ್ನ ನೆನಪು. ಎರಡು ರೆಕಾರ್ಡಿಂಗಿನಲ್ಲೂ ಕಿರುಚಿದ್ದು ಅವಳ ಗಂಡ.

"ಮುಗೀತಾ?" ಎಂದಳು ಅಮ್ಮ. "ಎಲ್ರೂ ಇ‌ದೀರಾ?"

"ನಿಮ್ಮ ಮಗ ಒಬ್ಬ ಇಲ್ಲ ಆಂಟಿ. ಅಲ್ಲಿ ಬಿದ್ದಿದಾನೆ" ಎಂದ ಹೇರೋಹಳ್ಳಿಯವನು.

"ಅವನನ್ನ ಎಬ್ಬಿಸೋಣ ಇರು. ನಿನ್ನ ಕೈ ನೋಯ್ತಾ ಇದ್ಯಾ? ಒಂದೇ ಸಮ ಗುರಾಣಿ ಹಿಡ್ಕೊಂಡಿದ್ದೆ."

"ಕೈ ಅಲ್ಲ ಆಂಟಿ, ಇಲಿ ಹಿಡಿದು ಹಿಡಿದು ಬೆರಳು ನೋಯ್ತಾ ಇದೆ" ಎಂದ ಅವನು, ಮೌಸ್ ಅನ್ನು ಉದ್ದೇಶಿಸಿ. ಗಣಿತದವಳು ಬಹಳ ಹೊತ್ತು ನಕ್ಕಳು.

ನಾವು ಐವರೂ ಈಗಲೂ ಭಾನುವಾರ ಕೂಡುತ್ತೇವೆ. ನಾನು ಬಿಲ್ಲುಗಾರನೇ. ಒಳ್ಳೆಯ ಬಿಲ್ಲುಗಾರನೇನಲ್ಲ. ಅಮ್ಮ ಮಠಕ್ಕೆ ಹೋಗುವುದಿಲ್ಲ. ಹೋಗುತ್ತಾಳೆ ಎಂದು ಬರೆದಿದ್ದರೆ ಈ ಬರಹಕ್ಕೆ ಒಂದು ಅಂದ ಬರುತ್ತಿತ್ತು. ಸೋಮವಾರ ಮಧ್ಯಾಹ್ನ ಅವಳು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ರಸ್ತೆ ನೋಡುವುದು ಇನ್ನೂ ಇದೆ.

ಉಪ್ಪಿನ ಗಣಿಯಾದ ಎರಡು ವಾರಕ್ಕೆ ನಮ್ಮ ಗಿಲ್ಡ್‌ನ, ಅಂದರೆ ನಮ್ಮಂಥ ಹತ್ತಾರು ತಂಡಗಳು ಸೇರಿದ ಸಂಘದ, ಬೇರೊಂದು ತಂಡದವನು ನನಗೆ ಬರೆದ. ಪರಿಚಯವಿಲ್ಲದವನು. ತಮ್ಮ ಹೀಲರ್ ಸಿಡುಕಿನವನು, ಸಿಟ್ಟು ಬಂದರೆ ಒಬ್ಬರಿಗೆ ಬೇಕೆಂದೇ ಜೀವ ತುಂಬುವುದಿಲ್ಲ. ನಿಮ್ಮ ತಂಡದ ಆಂಟಿ ಬುಧವಾರ ಸಂಜೆ ಆರಕ್ಕೆ ಸಿಗುತ್ತಾರಾ, ಎಂದು ಕೇಳಿದ್ದ. ನನ್ನನ್ನು ಕರೆದಿರಲಿಲ್ಲ. ಬಿಲ್ಲುಗಾರರು ಅವರಲ್ಲಿ ಬೇಕಾದಷ್ಟು ಇದ್ದರು. ಅಮ್ಮನಿಗೆ ಓದಿ ಹೇಳಿದೆ.

"ಅದರಲ್ಲಿ ನೀನಿರಲ್ವಾ?"

"ಇಲ್ಲ. ಅವರು ನಾಲ್ಕು ಜನ, ನೀನು."

"ಹಂಗಾದ್ರೆ ಸುಲಭ" ಎಂದಳು ಅಮ್ಮ. ಫೋನ್ ಈಸಿಕೊಂಡು, ಕನ್ನಡಕ ಹಾಕಿಕೊಂಡು, ಫಿಸಿಯೋಥೆರಪಿಯವಳ ನಂಬರು ಹುಡುಕಿದಳು. ಬುಧವಾರ ಆರಕ್ಕೆ ಬರುತ್ತಿದ್ದವಳು ಅವಳು.

"ನೋಡಮ್ಮ, ಬುಧವಾರ ಆರಕ್ಕೆ ಬೇಡ. ನಾಲ್ಕಕ್ಕೆ ಬರೋಕಾಗುತ್ತಾ?"

ಆ ಕಡೆಯಿಂದ ಏನೋ ಕೇಳಿರಬೇಕು, ಹುಷಾರಿಲ್ವಾ, ಊರಿಗೆ ಹೋಗ್ತಿದೀರಾ ಎಂದೇನೋ.

"ಇಲ್ಲಮ್ಮ, ಚೆನ್ನಾಗಿದೀನಿ" ಎಂದಳು ಅಮ್ಮ. "ಸ್ವಲ್ಪ ಕೆಲಸ ಇದೆ."